ರಕ್ತದ ಹರಿವಿಗೆ ಎದುರು ತೆವಳುವ ಹುಳು

ಯಲಹಂಕ ದಾಟಿ ಬೆಟ್ಟಹಲಸೂರಿನ ಕಡೆ ಹೋದರೆ ಕುದುರೆ ಸವಾರಿ ಕಲಿಸುವ ಶಾಲೆ ಸಿಗುತ್ತದೆ. ಇತ್ತ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ. ಲಾಯದವರಿಗೂ ವೈದ್ಯರಿಗೂ ಒಂದೇ ಸಮ ದಿಗಿಲು ಹುಟ್ಟಿಸುವುದು ಕೋಲಿಕ್, ಅಂದರೆ ಕುದುರೆಯ ಹೊಟ್ಟೆನೋವು. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮತ್ತೆ ಮತ್ತೆ ಪಕ್ಕೆಯತ್ತ ತಿರುಗಿ ನೋಡುತ್ತದೆ, ಬೆವರುತ್ತದೆ, ಬಿದ್ದು ಹೊರಳಾಡುತ್ತದೆ. ವಾಂತಿ ಮಾಡಿ ಹಗುರಾಗೋಣವೆಂದರೆ ಅದರ ದೇಹದಲ್ಲಿ ಅಂಥ ಏರ್ಪಾಡೇ ಇಲ್ಲ.

ಗ್ಯಾಸ್ ತುಂಬಿಯೋ ಕರುಳು ತಿರುಚಿಯೋ ಕೋಲಿಕ್ ಬರುವುದುಂಟು. ಆದರೆ ಒಂದು ಬಗೆಯ ಕೋಲಿಕ್‌ನಲ್ಲಿ ಮೊದಲು ಕೆಡುವುದು ಕರುಳಲ್ಲ, ಅದಕ್ಕೆ ರಕ್ತ ಒಯ್ಯುವ ನಾಳ. ಕೆಡಿಸುವುದು ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ, ಬೆಳೆದರೂ ಎರಡು ಸೆಂಟಿಮೀಟರ್ ಆಸುಪಾಸಿನ ಜಂತುಹುಳು.

ಲದ್ದಿಯಲ್ಲಿ ಬಿದ್ದ ಮೊಟ್ಟೆ ಒಡೆದು ಮರಿ ಹುಲ್ಲಿನೆಳೆ ಹತ್ತುತ್ತದೆ, ಮೇವಿನ ಜೊತೆ ಕರುಳು ಸೇರುತ್ತದೆ. ಅಲ್ಲೇ ಉಂಡು ಬೆಳೆಯಬಹುದಿತ್ತು. ಅದು ಹಾಗೆ ಮಾಡದೆ ಕರುಳಿನ ಗೋಡೆ ಕೊರೆದು ಸಣ್ಣ ಅಪಧಮನಿಗಳಿಗೆ ಇಳಿಯುತ್ತದೆ. ಒಳಪದರವನ್ನೇ ದಾರಿ ಮಾಡಿಕೊಂಡು, ರಕ್ತ ಬರುವ ದಿಕ್ಕಿಗೆ ಎದುರಾಗಿ ತೆವಳುತ್ತ ಎರಡು ಮೂರು ವಾರಗಳಲ್ಲಿ ಕರುಳಿನ ಬಹುಭಾಗವನ್ನು ಪೊರೆಯುವ ದೊಡ್ಡ ಅಪಧಮನಿಯ ಬುಡಕ್ಕೆ ಬಂದು ಠಿಕಾಣಿ ಹೂಡುತ್ತದೆ. ಮೂರು ನಾಲ್ಕು ತಿಂಗಳು ಅಲ್ಲೇ ವಾಸ. ಆಮೇಲೆ ರಕ್ತದ ಹರಿವಿನಲ್ಲೇ ತೇಲಿ ಕರುಳಿಗೆ ವಾಪಸು. ಇಷ್ಟು ಸುತ್ತಿ ಬರುವುದು ಯಾವ ಲಾಭಕ್ಕೋ!

ಹುಳು ಕೂತ ಕಡೆ ನಾಳದ ಗೋಡೆ ಉರಿಯೂತದಿಂದ ದಪ್ಪಗಾಗುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಮೇನ್ ಪೈಪಿನ ತುಕ್ಕು ಕಳಚಿ ಮನೆಯ ನಲ್ಲಿಗೆ ಸಿಕ್ಕಿಕೊಳ್ಳುವಂತೆ, ಹೆಪ್ಪಿನ ಚೂರುಗಳು ಮುಂದಿನ ಸಣ್ಣ ಕವಲುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಪಕ್ಕದ ನಾಳಗಳಿಂದ ರಕ್ತ ಬಂದರೆ ಕುದುರೆ ಉಳಿಯಿತು. ಬಾರದಿದ್ದರೆ ಕರುಳಿನ ಆ ತುಂಡು ಸಾಯುತ್ತದೆ, ಹೊಟ್ಟೆಯೊಳಗೆಲ್ಲ ಸೋಂಕು ಹಬ್ಬುತ್ತದೆ. ಜರ್ಮನಿಯ ಒಟ್ಟೊ ಬೋಲಿಂಜರ್ ಈ ನಂಟನ್ನು 1870ರಲ್ಲೇ ವಿವರಿಸಿದ್ದರು.

ಮನುಷ್ಯರ ಕರುಳಿನ ನಾಳಗಳೂ ಉರಿಯೂತಕ್ಕೆ ಸಿಲುಕುತ್ತವೆ, ಆದರೆ ಈ ಹುಳುವಿನಿಂದಲ್ಲ. ಪಾಲಿಆರ್ಟರೈಟಿಸ್ ನೋಡೋಸಾ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅಪಧಮನಿಗಳ ಮೇಲೆ ತಿರುಗಿ ಬೀಳುತ್ತದೆ. ಅರಗಿಸಲು ಕರುಳಿಗೆ ಹೆಚ್ಚು ರಕ್ತ ಬೇಕು, ಕಿರಿದಾದ ನಾಳ ಕೊಡಲಾರದು. ಹಾಗಾಗಿ ಊಟವಾದ ಮೇಲೆ ಹೊಟ್ಟೆ ನೋಯುತ್ತದೆ. ಕೆಲವರಿಗೆ ಕರುಳಿನಲ್ಲಿ ರಕ್ತಸ್ರಾವವಾಗಬಹುದು, ತೂತೂ ಬೀಳಬಹುದು.

ಕುದುರೆಯ ವಿಷಯಕ್ಕೆ ಬಂದರೆ, 1980ರ ದಶಕದಲ್ಲಿ ಐವರ್‌ಮೆಕ್ಟಿನ್ ಬಂದು ಅಪಧಮನಿಯೊಳಗಿನ ಮರಿಗಳನ್ನೂ ಕೊಲ್ಲತೊಡಗಿತು. ನಿಯಮಿತವಾಗಿ ಔಷಧಿ ಕೊಡುವ ಲಾಯಗಳಲ್ಲಿ ಈ ಹುಳು ಅಪರೂಪವಾಯಿತು. ಆದರೆ ಲೆಕ್ಕವಿಲ್ಲದೆ ಔಷಧಿ ಸುರಿದದ್ದರಿಂದ ಬೇರೆ ಜಾತಿಯ ಜಂತುಗಳು ಅದಕ್ಕೆ ಒಗ್ಗಿಕೊಂಡವು. ಡೆನ್ಮಾರ್ಕ್ 1999ರಲ್ಲಿ ವೈದ್ಯರ ಚೀಟಿಯಿಲ್ಲದೆ ಜಂತಿನ ಔಷಧಿ ಕೊಡಬಾರದೆಂದಿತು. ಅಲ್ಲಿನ ಲಾಯಗಳಲ್ಲಿ ಹಳೆಯ ಹುಳು ಮತ್ತೆ ತಲೆಯೆತ್ತಿತು.

ಹಾಗಾದರೆ ಲದ್ದಿ ಪರೀಕ್ಷಿಸಿ, ಬೇಕಾದ ಕುದುರೆಗಷ್ಟೇ ಔಷಧಿ ಕೊಟ್ಟರಾಯಿತಲ್ಲ? ಅದೂ ಸಲೀಸಲ್ಲ. ಈ ಹುಳುವಿನ ಮೊಟ್ಟೆಗೂ ಅದರ ಸಣ್ಣ ದಾಯಾದಿಗಳ ಮೊಟ್ಟೆಗೂ ಸೂಕ್ಷ್ಮದರ್ಶಕದಲ್ಲಿ ವ್ಯತ್ಯಾಸ ಕಾಣದು. ಲದ್ದಿಯನ್ನು ಬೆಚ್ಚಗಿಟ್ಟು ಮರಿ ಮಾಡಿಸಿ, ಮರಿಯ ಕರುಳಿನ ಜೀವಕೋಶ ಎಣಿಸಬೇಕು. ಅದಕ್ಕೂ ಮಿಗಿಲಾಗಿ, ಮೇವಿನೊಡನೆ ಒಳಹೊಕ್ಕ ಹುಳು ಮೊಟ್ಟೆ ಇಡಲು ಆರೇಳು ತಿಂಗಳು ಬೇಕು. ಅಪಧಮನಿ ಊದಿಕೊಂಡಿರುವ ಹೊತ್ತಿನಲ್ಲಿ ಎಳೆಯ ಕುದುರೆಯ ಲದ್ದಿಯಲ್ಲಿ ಇದರ ಒಂದು ಮೊಟ್ಟೆಯೂ ಸಿಗದಿರಬಹುದು.