ಎರವಲು ಗಿಟಾರಿನ ಬಳಗ

ಗಣೇಶನ ಹಬ್ಬ ಬಂತೆಂದರೆ ನವೆಂಬರ್ ಕೊನೆಯವರೆಗೂ ಬೆಂಗಳೂರಿನ ಬೇಸ್ ಗಿಟಾರ್ ವಾದಕರಿಗೆ ಬಿಡುವಿರುವುದಿಲ್ಲ. ಮಾರತ್ತಹಳ್ಳಿ, ಮುನ್ನೇಕೊಳಾಲ, ವರ್ತೂರು, ಕೃಷ್ಣರಾಜಪುರಗಳ ಬೀದಿಗಳಲ್ಲಿ ಮೊದಲು ಗಣೇಶನ ಶಾಮಿಯಾನ ಏಳುತ್ತದೆ, ಆಮೇಲೆ ರಾಜ್ಯೋತ್ಸವದ ವೇದಿಕೆ. ಎರಡರಲ್ಲೂ ರಾತ್ರಿಯ ಕಾರ್ಯಕ್ರಮ ಒಂದೇ: ರಸಮಂಜರಿ. ಹಾಡುವವರಿಗೆ ಬರವಿಲ್ಲ, ಕೀಬೋರ್ಡಿನವರೂ ಸಿಗುತ್ತಾರೆ, ಆರು ತಂತಿಯ ಗಿಟಾರ್ ಹಿಡಿದ ಹುಡುಗರಂತೂ ಬೀದಿಗೆ ನಾಲ್ವರು. ನಾಲ್ಕು ದಪ್ಪ ತಂತಿಯ ಬೇಸ್ ಗಿಟಾರ್ ನುಡಿಸುವವರು ಮಾತ್ರ ಕಡಿಮೆ. ಹೀಗಾಗಿ ಒಬ್ಬನೇ ವಾದಕ ನಾಲ್ಕಾರು ವಾದ್ಯಗೋಷ್ಠಿಗಳಿಗೆ ಬೇಕಾಗುತ್ತಾನೆ. ಅವನು ಬರಲಾಗದ ದಿನ ಅವನ ವಾದ್ಯವಾದರೂ ಬೇರೊಬ್ಬನ ಕೈಯಲ್ಲಿ ಹೋಗುತ್ತದೆ. ಈ ಕೊಡುಕೊಳ್ಳುವಿಕೆಯ ಸುತ್ತ ನಗರದ ಪೂರ್ವಭಾಗದಲ್ಲಿ ಒಂದು ಬಳಗ ಬೆಳೆದಿದೆ. ಅದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಪುಸ್ತಕವೂ ಇಲ್ಲ.

ಬೇಸ್ ಗಿಟಾರ್ ಎಂದರೇನು? ನೋಟಕ್ಕೆ ಅದು ಕತ್ತು ಉದ್ದವಾದ ಗಿಟಾರ್. ಕೇಳುವವನ ಕಿವಿಗೆ ಅದು ಬೀಳುವುದೇ ಅಪರೂಪ. ನಿಂತಾಗ ಮಾತ್ರ ಏನೋ ಹೋಯಿತು ಅನ್ನಿಸುತ್ತದೆ. ಕಛೇರಿಯಲ್ಲಿ ತಂಬೂರಿ ನಿಂತರೆ ಆಗುವ ಅನುಭವವೇ ಇದು. ಆದರೆ ತಂಬೂರಿ ಶ್ರುತಿಯನ್ನಷ್ಟೇ ಹಿಡಿದಿರುತ್ತದೆ, ಬೇಸ್ ಗಿಟಾರಾದರೋ ಶ್ರುತಿಯನ್ನೂ ತಾಳವನ್ನೂ ಒಟ್ಟಿಗೆ ಹೊರುತ್ತದೆ. ಹಾಡಿನ ಸ್ವರಕ್ಕೆ ಕೆಳಗಿನಿಂದ ಆಧಾರ ಕೊಡುತ್ತಲೇ ಡ್ರಮ್ಮಿನವನ ಕಾಲಿನ ಪೆಟ್ಟಿಗೆ ಜೊತೆಯಾಗುತ್ತದೆ. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸ್ ಗಿಟಾರಿನದು ಅದರ ಅರ್ಧ, ಸುಮಾರು 41 ಸಲ. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ಒಂದು ಸ್ಥಾಯಿ ಕೆಳಗೆ.

ಮೊದಲು ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಸಾಗಿಸುವುದು ಮದುವೆ ಮನೆಗೆ ಬೀರು ಸಾಗಿಸಿದಂತೆ. ಜೊತೆಗೆ, ತುತ್ತೂರಿ ಡ್ರಮ್ಮುಗಳ ಗದ್ದಲದಲ್ಲಿ ಅದರ ದನಿ ಅಡಗಿಹೋಗುತ್ತಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬಾತ 1930ರ ದಶಕದಲ್ಲೇ ಮಡಿಲಿಗೇರುವ ವಿದ್ಯುತ್ ಬೇಸ್ ಮಾಡಿದ್ದ, ಆದರೆ ಕೊಳ್ಳುವವರು ಹೆಚ್ಚಾಗಿ ಸಿಗಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ 'ಪ್ರಿಸಿಷನ್ ಬೇಸ್' ಗೆದ್ದಿತು. ಆ ಹೆಸರಿಗೆ ಕಾರಣ ನಮ್ಮ ವೀಣೆಯಲ್ಲೂ ಇರುವ ಮೆಟ್ಟಿಲುಗಳು. ಡಬಲ್ ಬೇಸಿಗೆ ಮೆಟ್ಟಿಲಿಲ್ಲ, ಸ್ವರದ ಜಾಗವನ್ನು ವಾದಕ ತಡಕಿ ಹುಡುಕಬೇಕು. ಫೆಂಡರನ ವಾದ್ಯದಲ್ಲಿ ಬೆರಳು ಮೆಟ್ಟಿಲ ಹಿಂದೆ ಕೂತರೆ ಸ್ವರ ನಿಖರ.

ವಾದ್ಯವೇನೋ ಹಗುರವಾಯಿತು, ಅದರ ದನಿ ಹೊರಬರುವ ಪೆಟ್ಟಿಗೆ ಹಗುರವಾಗಲಿಲ್ಲ. ಎರವಲಿನ ಮೂಲ ಇರುವುದು ಇಲ್ಲೇ. ಕೆಳಸ್ವರ ಕೇಳಿಸಬೇಕಾದರೆ ಸ್ಪೀಕರಿನ ಪದರ ಹೆಚ್ಚು ಗಾಳಿಯನ್ನು ತಳ್ಳಬೇಕು. ಮನುಷ್ಯನ ಕಿವಿಗೆ ಮಂದ್ರಸ್ವರ ಗ್ರಹಿಸುವ ಸೂಕ್ಷ್ಮ ಕಡಿಮೆಯಾದ್ದರಿಂದ ಶಕ್ತಿಯೂ ಹೆಚ್ಚು ಬೇಕು. ಸಾಮಾನ್ಯ ಗಿಟಾರಿನ ಸಣ್ಣ ಆಂಪ್ಲಿಫೈಯರಿಗೆ ಬೇಸ್ ಚುಚ್ಚಿ ದನಿ ಏರಿಸಿದರೆ ಅದರ ಕಾಗದದ ಶಂಕು ಹರಿದುಹೋಗುವುದುಂಟು; ಹೊಸಬರು ಕಲಿಯುವ ಮೊದಲ ಪಾಠ ಇದೇ, ಅದನ್ನೂ ಅವರು ಸಾಮಾನ್ಯವಾಗಿ ಪರರ ಆಂಪ್ಲಿಫೈಯರಿನ ಮೇಲೆ ಕಲಿಯುತ್ತಾರೆ. ಸರಿಯಾದ ಬೇಸ್ ಪೆಟ್ಟಿಗೆಯೋ ಇಬ್ಬರು ಹಿಡಿದು ಎತ್ತುವಂಥದ್ದು. ಬಾಡಿಗೆ ಮನೆಯ ಮೂರನೆಯ ಮಹಡಿಗೆ ಅದನ್ನು ಹೊರುವವರು ಯಾರು? ಹೀಗಾಗಿ ಒಬ್ಬನ ಬಳಿ ವಾದ್ಯ, ಮತ್ತೊಬ್ಬನ ಬಳಿ ಪೆಟ್ಟಿಗೆ, ಮೂರನೆಯವನ ಬಳಿ ಅದನ್ನು ಸಾಗಿಸಲು ಓಮ್ನಿ ವ್ಯಾನು. ಮೂವರೂ ಸೇರಿದರೆ ಒಂದು ಬೇಸ್ ಗಿಟಾರ್ ಪೂರ್ಣವಾಗುತ್ತದೆ.

ಈ ವಾದ್ಯ ಬೆಂಗಳೂರಿನ ಪೂರ್ವದಿಕ್ಕಿನಲ್ಲೇ ಬೇರುಬಿಟ್ಟಿದ್ದು ಆಕಸ್ಮಿಕವಲ್ಲ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಪಾಳೆಯವನ್ನು ಹಲಸೂರಿನ ಬಳಿಗೆ ತಂದರು. ದಂಡಿನ ಜೊತೆ ಬ್ಯಾಂಡು, ಬ್ಯಾಂಡಿನ ಜೊತೆ ವಾದಕರ ಕುಟುಂಬಗಳು ಬಂದವು. ದಂಡು ಪ್ರದೇಶ 1947ರವರೆಗೂ ಮೈಸೂರು ಸಂಸ್ಥಾನದ ಊರಿನಿಂದ ಬೇರೆಯೇ ಆಗಿ ಉಳಿದು, 1949ರಲ್ಲಷ್ಟೇ ಪೇಟೆಯೊಂದಿಗೆ ಒಂದೇ ನಗರಪಾಲಿಕೆಯೊಳಗೆ ಸೇರಿತು. 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ವೈಟ್‌ಫೀಲ್ಡ್ ಹುಟ್ಟಿತು. ದಂಡಿನ ಕ್ಲಬ್ಬುಗಳಲ್ಲಿ ಕ್ರಿಸ್‌ಮಸ್ ಮತ್ತು ಹೊಸವರ್ಷದ ನೃತ್ಯ ಎಂದರೆ ಬ್ಯಾಂಡು ಇರಲೇಬೇಕು.

ಇನ್ನೊಂದು ದಾರಿ ಚರ್ಚಿನದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕೆಥೋಲಿಕ ಪೂಜೆ ಲ್ಯಾಟಿನ್ ಬಿಟ್ಟು ಜನರ ನುಡಿಗೆ ಬಂತು. ಅದರ ಬೆನ್ನಿಗೇ ಗಾಯಕವೃಂದಗಳಲ್ಲಿ ಗಿಟಾರೂ ಕಾಣಿಸಿಕೊಂಡಿತು. ಭಾನುವಾರದ ಪೂಜೆಯಲ್ಲಿ ಕನ್ನಡದ ಇಲ್ಲವೇ ತಮಿಳಿನ ಭಕ್ತಿಗೀತೆಗೆ ಗಿಟಾರ್ ನುಡಿಸುತ್ತ ಕಲಿತ ಹುಡುಗ, ಅದೇ ಬೆರಳಿನಿಂದ ಗಣೇಶೋತ್ಸವದ ರಸಮಂಜರಿಯಲ್ಲಿ ರಾಜನ್-ನಾಗೇಂದ್ರರ ಹಾಡಿಗೆ ಜೊತೆಯಾಗುತ್ತಾನೆ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲವೆಂಬಂತೆ ಹಲಸೂರು, ಶಿವಾಜಿನಗರದವರು ನಡೆದುಕೊಳ್ಳುತ್ತಾರೆ. ಕನ್ನಡ ಚಿತ್ರಸಂಗೀತಕ್ಕೂ ಗಿಟಾರಿಗೂ ನಂಟು ಹಳೆಯದೇ. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ವಾದಕರಾಗಿ, ಸಹಾಯಕರಾಗಿ ದುಡಿದವರು.

ವಾದ್ಯ ಕೊಳ್ಳುವುದು ಮಾತ್ರ ಬಹುಕಾಲ ಬಡವರ ಮಾತಾಗಿರಲಿಲ್ಲ. 1991ರ ಆರ್ಥಿಕ ಸುಧಾರಣೆಗೆ ಮುನ್ನ ಆಮದು ಸುಂಕದ ಗರಿಷ್ಠ ದರ ಶೇ. 300ನ್ನೂ ದಾಟಿತ್ತು. ವಿದೇಶಿ ಗಿಟಾರ್ ಎಂದರೆ ಹಡಗಿನ ಕೆಲಸದ ಸೋದರಮಾವ ಅಥವಾ ಕೊಲ್ಲಿಯಲ್ಲಿರುವ ಅಣ್ಣ ತರಬೇಕು. ಉಳಿದವರಿಗೆ ಕಲ್ಕತ್ತೆಯ ಗಿವ್ಸನ್. ಆ ಹೆಸರು ಅಮೆರಿಕದ ಗಿಬ್ಸನ್‌ಗೆ ಎಷ್ಟು ಹತ್ತಿರವೋ ದನಿ ಅಷ್ಟು ದೂರ ಎಂದು ನಗೆಯಾಡುವವರು ಕೂಡ ಕಲಿತದ್ದು ಅದರ ಮೇಲೆಯೇ. ಬೇಸಿನ ತಂತಿಗಳಂತೂ ದುಬಾರಿ. ಬೆವರು, ಜಿಡ್ಡು ಸೇರಿ ಅವು ಮಂಕಾದಾಗ ಬಿಚ್ಚಿ, ಪಾತ್ರೆಯಲ್ಲಿ ನೀರಿಟ್ಟು ಕುದಿಸಿ, ಒರೆಸಿ ಮತ್ತೆ ಕಟ್ಟುವ ಉಪಾಯ ಪ್ರಪಂಚದ ಎಲ್ಲ ಬೇಸ್ ವಾದಕರಿಗೂ ಗೊತ್ತು. ದಪ್ಪ ತಂತಿಯ ಮೇಲೆ ಸುತ್ತಿದ ಸಣ್ಣ ತಂತಿಯ ಸಂದುಗಳಲ್ಲಿ ಕೂತ ಕೊಳೆ ಬಿಸಿನೀರಿಗೆ ಬಿಡುತ್ತದೆ. ದನಿ ಕೆಲವು ದಿನ ಮತ್ತೆ ಹೊಳೆಯುತ್ತದೆ. ಯಾವ ಪಾತ್ರೆಯಲ್ಲಿ ಕುದಿಸಿದರೆಂಬುದು ಮನೆಯವರಿಗೆ ತಿಳಿಯದಿದ್ದರೆ ಒಳ್ಳೆಯದು.

ಇಷ್ಟು ಕಷ್ಟಪಟ್ಟು ಪರದೇಶದಿಂದ ಬಂದ ಗಿಟಾರಿನ ಒಂದು ಭಾಗ ಎಷ್ಟೋ ಸಲ ನಮ್ಮ ಮಲೆನಾಡಿನದೇ ಮರ ಎಂಬುದು ವಿನೋದದ ಸಂಗತಿ. ಬೆರಳಾಡುವ ಹಲಗೆಗೆ ಬೇಕಾದ ಗಟ್ಟಿ, ನುಣುಪು ಮರಗಳಲ್ಲಿ ಬೀಟೆ ಮುಖ್ಯವಾದುದು. ಬ್ರೆಜಿಲಿನ ಬೀಟೆಯ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿರ್ಬಂಧ ಬಿದ್ದ ಮೇಲಂತೂ ಗಿಟಾರ್ ತಯಾರಕರು ಪಶ್ಚಿಮಘಟ್ಟದ ಬೀಟೆಯನ್ನೇ ಹೆಚ್ಚು ನಚ್ಚಿಕೊಂಡರು. 2017ರ ಜನವರಿಯಲ್ಲಿ ಬೀಟೆಯ ಇಡೀ ಕುಲವೇ ನಿಯಂತ್ರಣದ ಪಟ್ಟಿಗೆ ಸೇರಿ, ಗಿಟಾರಿನ ಹಲಗೆಗೂ ಪರವಾನಗಿ ಪತ್ರ ಬೇಕಾಯಿತು. ಫೆಂಡರ್ ಕಂಪನಿ ಆ ವರ್ಷ ಮೆಕ್ಸಿಕೊದಲ್ಲಿ ತಯಾರಾಗುವ ಗಿಟಾರುಗಳಿಗೆ ಬೇರೆ ಮರ ಬಳಸತೊಡಗಿತು. ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ನವೆಂಬರಿನಲ್ಲಿ. ಕಾಡಿನಲ್ಲಿ ಬೀಟೆ ಬೆಳೆಯಲು ಹಿಡಿಯುವ ಕಾಲ ನೋಡಿದರೆ ಆ ನಿಯಮ ಅತಿಯೆನ್ನಲಾಗದು. ಬಳಗದವರೂ ಅದಕ್ಕೆ ಗೊಣಗಲಿಲ್ಲ. ಕೈಯಿಂದ ಕೈಗೆ ಹೋಗುವ ಹಳೆಯ ಗಿಟಾರಿಗೆ ಹೊಸ ಮರ ಬೇಕಿಲ್ಲವಲ್ಲ.

ಹಳೆಯದನ್ನು ಬಾಳಿಸುವುದೇ ಒಂದು ವಿದ್ಯೆ. ಮಾರ್ಚಿನ ಒಣಹವೆಗೂ ಜುಲೈನ ತೇವಕ್ಕೂ ಮರ ಕುಗ್ಗಿ ಹಿಗ್ಗುತ್ತದೆ. ತಂತಿಗಳ ಎಳೆತಕ್ಕೆ ಕತ್ತು ಬಿಲ್ಲಿನಂತೆ ಬಾಗುತ್ತದೆ. ಅದನ್ನು ತಡೆಯಲು ಕತ್ತಿನೊಳಗೆ ಉಕ್ಕಿನ ಸರಳೊಂದಿರುತ್ತದೆ. ಸಣ್ಣ ಕೀಲಿಯಿಂದ ಕಾಲು ಸುತ್ತು ತಿರುಗಿಸಿದರೆ ಸಾಕು, ಅವಸರಪಟ್ಟರೆ ಸರಳು ಮುರಿದು ವಾದ್ಯವೇ ಕೆಡುತ್ತದೆ. ಈ ಕಾಲು ಸುತ್ತಿನ ಹದ ಪುಸ್ತಕ ಓದಿ ಬರುವುದಿಲ್ಲ. ಬಲ್ಲವರೊಬ್ಬರ ಮನೆಗೆ ವಾದ್ಯ ಒಯ್ಯಬೇಕು, ಅವರು ಕತ್ತಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡುವುದನ್ನು ನೋಡಬೇಕು. ವಿದ್ಯುತ್ ಭಾಗದ ರಿಪೇರಿಗೆ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಿವೆ; ಅಲ್ಲಿಂದ ಕೆಪಾಸಿಟರ್, ಟ್ರಾನ್ಸಿಸ್ಟರ್ ತಂದು ಕಾಲಲ್ಲಿ ಒತ್ತುವ ಪೆಡಲುಗಳನ್ನು ಮನೆಯಲ್ಲೇ ಬೆಸುಗೆ ಹಾಕುವವರೂ ಇದ್ದಾರೆ.

ಮಾರತ್ತಹಳ್ಳಿ ಈ ಕಥೆಗೆ ಸೇರಿದ್ದು ತಡವಾಗಿ. 1940ರಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾದಾಗ ಅದು ಹೊಲಗದ್ದೆಗಳ ಊರು. ಎಚ್.ಎ.ಎಲ್. ತಯಾರಿಸಿ 1961ರಲ್ಲಿ ಮೊದಲು ಹಾರಿಸಿದ 'ಮಾರುತ' ವಿಮಾನದಿಂದಲೇ ಊರಿಗೆ ಹೆಸರು ಬಂತೆಂಬ ಮಾತು ಜನಪ್ರಿಯ. ಊರು ವಿಮಾನಕ್ಕಿಂತ ಹಳೆಯದೆಂಬುದನ್ನು ಯಾರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. 1990ರ ದಶಕದ ಕೊನೆಗೆ ವೈಟ್‌ಫೀಲ್ಡಿನ ಐ.ಟಿ. ಪಾರ್ಕ್, ಆಮೇಲೆ ಹೊರವರ್ತುಲ ರಸ್ತೆಯ ಕಚೇರಿಗಳು ಬಂದವು. ಅವುಗಳ ಹಿಂದೆಯೇ ಪಿ.ಜಿ.ಗಳು. ಹುಬ್ಬಳ್ಳಿಯಿಂದ, ಮಂಗಳೂರಿನಿಂದ, ಈಶಾನ್ಯ ರಾಜ್ಯಗಳಿಂದ, ಕೇರಳದಿಂದ ಬಂದ ಹುಡುಗ ಹುಡುಗಿಯರ ಸಾಮಾನಿನಲ್ಲಿ ಗಿಟಾರೂ ಇರುತ್ತಿತ್ತು. ಮೂರು ಮಂಚದ ಕೋಣೆಯಲ್ಲಿ ಅದನ್ನು ಗಟ್ಟಿಯಾಗಿ ನುಡಿಸುವಂತಿಲ್ಲ. ಶನಿವಾರ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು, ಗೋಡೆಗೆ ಸ್ಪಂಜು ಬಡಿದ ಅಭ್ಯಾಸದ ಕೋಣೆ ಹಿಡಿಯಬೇಕು. ಅಲ್ಲಿ ಅವರಿಗೆ ಹಲಸೂರಿನ ವಾದ್ಯಗೋಷ್ಠಿಯವರು ಎದುರಾದರು.

ಇಬ್ಬರ ಲೋಕವೂ ಬೇರೆ. ಒಬ್ಬರಿಗೆ ಅದು ಹೊಟ್ಟೆಪಾಡು, ಮತ್ತೊಬ್ಬರಿಗೆ ವಾರಾಂತ್ಯದ ಹುಚ್ಚು. ಒಬ್ಬರು 'ಮಾಸ್ಟರ್', 'ಅಣ್ಣ' ಎಂದು ಮಾತಾಡಿಸಿದರೆ ಇನ್ನೊಬ್ಬರು 'ಮಗಾ', 'ಗುರು' ಎನ್ನುತ್ತಾರೆ. ಪಿಂಕ್ ಫ್ಲಾಯ್ಡ್‌ನ ಬೇಸ್ ವಾದಕ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರಲ್ಲಿ, ಐರನ್ ಮೇಡನ್ 2007ರಲ್ಲಿ ಅರಮನೆ ಮೈದಾನಕ್ಕೆ ಬಂದಾಗ ಎರಡೂ ಕಡೆಯವರು ಮುಗಿಬಿದ್ದವರೇ. ಆದರೆ ಅವರನ್ನು ಹತ್ತಿರ ತಂದದ್ದು ಆ ಮಹಾಮೇಳಗಳಲ್ಲ, ಸಾಮಾನಿನ ಅಗತ್ಯ. ರಸಮಂಜರಿಯವರ ಬಳಿ ದೊಡ್ಡ ಪೆಟ್ಟಿಗೆ ಇತ್ತು, ಐ.ಟಿ. ಹುಡುಗರ ಬಳಿ ವಿದೇಶಿ ಬೇಸ್ ಇತ್ತು. ರಘು ದೀಕ್ಷಿತ್, ಸ್ವರಾತ್ಮ ಮುಂತಾದವರ ತಂಡಗಳು 2000ದ ದಶಕದಲ್ಲಿ ಕನ್ನಡ ಪದಗಳನ್ನು ಬೇಸ್, ಡ್ರಮ್ಮುಗಳೊಂದಿಗೆ ಹಾಡಿ ಹೆಸರಾದ ಮೇಲೆ ಇಬ್ಬರಿಗೂ ನುಡಿಸಲು ಸಮಾನವಾದ ಹಾಡುಗಳೂ ಸಿಕ್ಕವು.

ವಾದ್ಯ ಕೊಡಲು ಬಂದವನು ಅದನ್ನಷ್ಟೇ ಕೊಟ್ಟು ಹೋಗುವುದಿಲ್ಲ. ಕಾಫಿ ಆಗುತ್ತದೆ, ಕೇಬಲ್ಲು ಕರಕರ ಅನ್ನುತ್ತಿದೆಯೆಂಬ ದೂರಿನ ಜೊತೆಗೇ ಅಪ್ಪನಿಗೆ ಬೈಪಾಸ್ ಆದದ್ದು, ತಂಗಿಯ ಮದುವೆ ನಿಶ್ಚಯವಾದದ್ದು, ಕಂಪನಿಯಲ್ಲಿ ಜನರನ್ನು ತೆಗೆಯುತ್ತಿರುವುದು ಎಲ್ಲವೂ ಹೊರಬರುತ್ತದೆ. ಗಿಟಾರ್ ಮಾರಾಟಕ್ಕಿದೆಯೆಂಬ ಸುದ್ದಿಯೇ ಎಷ್ಟೋ ಸಲ ಸಂಸಾರದ ಸುದ್ದಿ. ಮದುವೆಯಾದವನು ಎರಡರಲ್ಲಿ ಒಂದನ್ನು ಮಾರುತ್ತಾನೆ, ಮಗುವಾದವನು ಆಂಪ್ಲಿಫೈಯರ್ ಮಾರುತ್ತಾನೆ, ಆನ್‌ಸೈಟ್ ಹೊರಟವನು ಎಲ್ಲವನ್ನೂ ಸ್ನೇಹಿತರ ಮನೆಯಲ್ಲಿಟ್ಟು ಹೋಗುತ್ತಾನೆ. ಎರಡು ವರ್ಷವೆಂದು ಇಟ್ಟದ್ದು ಹತ್ತು ವರ್ಷವಾದರೂ ಅಲ್ಲೇ ಇರುತ್ತದೆ. ಹಾಗಿಟ್ಟ ವಾದ್ಯವನ್ನು ನುಡಿಸಬಹುದು, ಮಾರುವಂತಿಲ್ಲ. ಬರೆದಿಡದ ಈ ನಿಯಮವನ್ನು ಮುರಿದವನಿಗೆ ಮುಂದೆ ಒಂದು ಕೇಬಲ್ಲೂ ಸಿಗುವುದಿಲ್ಲ.

ಈಗ ದುಡ್ಡಿನ ಅಡಚಣೆ ಕಡಿಮೆ. ಕಂತಿನಲ್ಲಿ ಗಿಟಾರ್ ಸಿಗುತ್ತದೆ. ಇಲ್ಲವಾಗುತ್ತಿರುವುದು ನುಡಿಸುವ ಜಾಗ. ಹೋಟೆಲು, ಪಬ್ಬುಗಳಲ್ಲಿನ ಸಂಗೀತಕ್ಕೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದರ ಜಾರಿ ಬಿಗಿಯಾದಾಗ ಹಲವೆಡೆ ಸಂಗೀತ ನಿಂತಿತು. ಇಂದಿರಾನಗರದ ನಿವಾಸಿಗಳ ದೂರು ಸುಳ್ಳಲ್ಲ; ಮಂದ್ರಸ್ವರ ಗೋಡೆ ದಾಟುವುದರಲ್ಲಿ ನಿಸ್ಸೀಮ, ಪಕ್ಕದ ಮನೆಯ ಮುದುಕರ ನಿದ್ದೆ ಕೆಡಿಸುವುದು ಹಾಡಿಗಿಂತ ಹೆಚ್ಚಾಗಿ ಬೇಸೇ. ಆದರೆ ಮನೆಗಳಿಂದ ದೂರ ಜಾಗ ಗೊತ್ತುಮಾಡಿಕೊಡುವ ಕೆಲಸವನ್ನು ಯಾರೂ ಮಾಡಲಿಲ್ಲ. ಇಂದಿರಾನಗರದಲ್ಲಿ 2013ರಿಂದ ಸ್ವತಂತ್ರ ತಂಡಗಳಿಗೆ ವೇದಿಕೆಯಾಗಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಮರುವರ್ಷ ಕೋವಿಡ್ ಬಂದು ಉಳಿದ ವೇದಿಕೆಗಳೂ ಕತ್ತಲಾದವು. ರಸಮಂಜರಿಯನ್ನೇ ನಂಬಿದವರಿಗೆ ಎರಡು ವರ್ಷದ ಗಣೇಶನ ಹಬ್ಬ, ರಾಜ್ಯೋತ್ಸವಗಳ ಗಳಿಕೆ ಹೋಯಿತು. ವಾದ್ಯ ಮಾರದೆ ಗತಿಯಿಲ್ಲದಾದಾಗ ಅದನ್ನು ಕೊಂಡವರಲ್ಲಿ ಬಳಗದವರೂ ಇದ್ದರು. ಹಾಗೆ ಕೊಂಡದ್ದನ್ನು ಹಳೆಯ ಒಡೆಯನಿಗೇ ನುಡಿಸಲು ಎರವಲು ಕೊಟ್ಟದ್ದೂ ಉಂಟು.

ಆಮೇಲೆ ವೇದಿಕೆಗಳೇನೋ ಮರಳಿದವು, ವಾದಕರೆಲ್ಲ ಮರಳಲಿಲ್ಲ. ಈಗ ಸಂಘಟಕರಿಗೆ ಅಗ್ಗವಾದುದು ಮೊದಲೇ ಮುದ್ರಿಸಿದ ಟ್ರ್ಯಾಕಿಗೆ ಗಾಯಕರನ್ನು ಹಾಡಿಸುವುದು. ಡ್ರಮ್ಮಿನವನಾದರೂ ನೋಟಕ್ಕೆ ಬೇಕು. ಬೇಸಿನವನಿದ್ದಾನೋ ಇಲ್ಲವೋ ಎಂದು ಸಭಿಕರು ಕೇಳುವುದಿಲ್ಲ. ಇನ್ನೂ ವಾದಕರನ್ನೇ ಕರೆಸುವ ಗೋಷ್ಠಿಗಳಲ್ಲಿ ಹೊಸ ಬೇಡಿಕೆಯೊಂದು ಎದ್ದಿದೆ. ಇಂದಿನ ಚಿತ್ರಗೀತೆಗಳಲ್ಲಿ ಕಂಪ್ಯೂಟರಿನಿಂದ ಹುಟ್ಟಿಸಿದ ಮಂದ್ರ ನಾಲ್ಕು ತಂತಿಯ ಬೇಸಿಗೂ ಕೆಳಗೆ ಇಳಿಯುತ್ತದೆ. ಅದನ್ನು ಮುಟ್ಟಲು ಸೆಕೆಂಡಿಗೆ ಸುಮಾರು 31 ಸಲ ಕಂಪಿಸುವ ಐದನೆಯ ತಂತಿ ಬೇಕು. ಐದು ತಂತಿಯ ಬೇಸ್ ಹಲಸೂರಿನ ಹಳಬರಲ್ಲಿ ಕಡಿಮೆ, ಮಾರತ್ತಹಳ್ಳಿಯ ಹುಡುಗರಲ್ಲಿ ಹೆಚ್ಚು. ಅಗಲವಾದ ಆ ಕತ್ತಿಗೆ ಎಡಗೈ ಹೊಂದಿಕೊಳ್ಳಲು ಕೆಲವು ವಾರ ಬೇಕಾದ್ದರಿಂದ, ಹಬ್ಬ ಇನ್ನೂ ದೂರವಿರುವಾಗಲೇ ಅದನ್ನು ಕೇಳಿ ಒಯ್ಯುವುದು ಈಗಿನ ರೂಢಿ.