ಖಾಲಿ ಪ್ಯಾಕೆಟ್ ತಂದ ಗಿರಾಕಿಗಳು

ಶಾಂಪೂವಿನ ಐದು ಖಾಲಿ ಪ್ಯಾಕೆಟ್ ತಂದುಕೊಟ್ಟರೆ ಒಂದು ಹೊಸ ಪ್ಯಾಕೆಟ್ ಪುಕ್ಕಟೆ. ಖಾಲಿ ಪ್ಯಾಕೆಟ್ ಯಾವ ಕಂಪನಿಯದಾದರೂ ನಡೆಯುತ್ತದೆ. ತಮಿಳುನಾಡಿನ ಕಡಲೂರಿನಲ್ಲಿ ಹುಟ್ಟಿದ ಚಿಕ್ ಶಾಂಪೂ ತನ್ನ ಆರಂಭದ ದಿನಗಳಲ್ಲಿ ಮುಂದಿಟ್ಟ ಕೊಡುಗೆ ಇದು. ಎದುರಾಳಿಯ ಕಸಕ್ಕೆ ತನ್ನ ಸರಕು ಕೊಡುವ ಈ ವ್ಯಾಪಾರವನ್ನು ಕಂಡು ನಕ್ಕವರೂ ಇದ್ದಿರಬಹುದು.

ಸಿ.ಕೆ. ರಂಗನಾಥನ್ 1983ರಲ್ಲಿ ಈ ಉದ್ಯಮಕ್ಕೆ ಕೈಹಾಕಿದಾಗ ಅವರ ಬಳಿ ಇದ್ದದ್ದು 15,000 ರೂಪಾಯಿ. ಶಾಂಪೂವನ್ನು ಪುಟ್ಟ ಪ್ಯಾಕೆಟ್ಟಿಗೆ ಇಳಿಸಿದವರಲ್ಲಿ ಅವರ ತಂದೆ ಚಿನ್ನಿ ಕೃಷ್ಣನ್ ಮೊದಲಿಗರು. ‘ಚಿಕ್’ ಎಂಬ ಹೆಸರು ಬಂದದ್ದೂ ಅವರಿಂದಲೇ. ಮನೆತನದ ವ್ಯಾಪಾರದಿಂದ ಹೊರಬಂದ ಮಗನಿಗೆ ದೊಡ್ಡ ಕಂಪನಿಗಳ ಹಾಗೆ ಪತ್ರಿಕೆಯ ಪುಟ ತುಂಬಿಸುವ ಶಕ್ತಿ ಇರಲಿಲ್ಲ. ಹಾಗಾಗಿಯೇ ಅವರು ಹೀಗೆ ಲೆಕ್ಕ ಹಾಕಿರಬೇಕು: ಕೈಯಲ್ಲಿ ಖಾಲಿ ಪ್ಯಾಕೆಟ್ ಹಿಡಿದು ಬರುವವರು ಈಗಾಗಲೇ ಶಾಂಪೂ ಬಳಸುವವರೇ. ಅವರಿಗೆ ಶಾಂಪೂ ಎಂದರೇನೆಂದು ಕಲಿಸುವ ಖರ್ಚನ್ನು ಬೇರೆ ಕಂಪನಿಗಳು ಭರಿಸಿ ಆಗಿದೆ. ಚಿಕ್‌ಗೆ ಉಳಿದದ್ದು ಒಂದು ಸಲ ತಲೆಗೆ ಹಾಕಿಸುವ ಕೆಲಸವಷ್ಟೇ.

ಜನಕ್ಕೆ ರೂಢಿಯಾದ ಮೇಲೆ ಷರತ್ತು ಬದಲಾಯಿತು: ಇನ್ನು ಚಿಕ್‌ನ ಖಾಲಿ ಪ್ಯಾಕೆಟ್‌ಗಳಿಗೆ ಮಾತ್ರ ಹೊಸ ಪ್ಯಾಕೆಟ್. ಗಿರಾಕಿಗಳು ಅಂಗಡಿಗೆ ಬಂದು ಚಿಕ್ ಎಂದೇ ಕೇಳತೊಡಗಿದರು. ತಿಂಗಳ ಮಾರಾಟ 35,000 ರೂಪಾಯಿಯಿಂದ 12 ಲಕ್ಷಕ್ಕೆ ಏರಿತು ಎಂದು ರಂಗನಾಥನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಶಾಂಪೂ ಕಂಡೇ ಇರದ ಹಳ್ಳಿಗಳಲ್ಲಿ ಈ ಉಪಾಯ ನಡೆಯುವಂತಿರಲಿಲ್ಲ. ಅಲ್ಲಿ ಖಾಲಿ ಪ್ಯಾಕೆಟ್ ಎಲ್ಲಿಂದ ಬರಬೇಕು? ಅಲ್ಲಿ ಕಂಪನಿಯವರು ಜನರ ಎದುರಿಗೇ ಹುಡುಗನೊಬ್ಬನಿಗೆ ತಲೆಸ್ನಾನ ಮಾಡಿಸುತ್ತಿದ್ದರು. ನೆರೆದವರು ಅವನ ಕೂದಲು ಮುಟ್ಟಿ, ಮೂಸಿ ನೋಡಬಹುದಿತ್ತು. ರಜನೀಕಾಂತ್ ಸಿನಿಮಾಗಳ ಪ್ರದರ್ಶನ ಏರ್ಪಡಿಸಿ, ನಡುವೆ ತಮ್ಮ ಜಾಹೀರಾತು ತೋರಿಸಿ, ಕೊನೆಗೆ ಪ್ಯಾಕೆಟ್ ಹಂಚುತ್ತಿದ್ದರು. ಚಿತ್ರನಟಿ ಅಮಲಾ ಜಾಹೀರಾತಿಗೆ ಬಂದದ್ದು ಇಷ್ಟೆಲ್ಲ ಆಗಿ, ಗಲ್ಲಾಪೆಟ್ಟಿಗೆಯಲ್ಲಿ ಕಾಸು ಓಡಾಡತೊಡಗಿದ ಮೇಲೆ. ನಮ್ಮಲ್ಲಿ ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಅಂಗಡಿ ತೆರೆಯುವ ದಿನವೇ ತಾರೆಯನ್ನು ಕರೆಸಿ, ಎರಡನೇ ತಿಂಗಳ ಬಾಡಿಗೆಗೆ ಸಾಲ ಹುಡುಕುತ್ತಾರೆ.

ಹೊಸ ಗಿರಾಕಿ ಹಿಂಜರಿಯುವುದು ಬರೀ ಹೆಸರು ಕೇಳಿಲ್ಲವೆಂದಲ್ಲ. ಕೊಟ್ಟ ದುಡ್ಡು ದಂಡವಾದರೆ ಎಂಬ ಅಳುಕು ಅವನನ್ನು ಹಿಡಿದು ನಿಲ್ಲಿಸುತ್ತದೆ. ಜಾಹೀರಾತು ಹೆಸರನ್ನು ತಲುಪಿಸೀತು, ಅಳುಕನ್ನು ಕಳೆಯಲಾರದು. ಕಡಿಮೆ ಖರ್ಚಿನಲ್ಲಿ ಗೆದ್ದವರು ಬಹುಪಾಲು ಈ ಅಳುಕಿಗೇ ಮದ್ದು ಕೊಟ್ಟವರು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾಶಿಯಿಂದ ನಾಲ್ಕು ಕಾಯಿ ಎತ್ತಿಕೊಟ್ಟು ‘ತಿಂದು ನೋಡಿ’ ಎನ್ನುವ ವ್ಯಾಪಾರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. 1969ರಲ್ಲಿ ಅಹಮದಾಬಾದಿನ ಸರ್ಕಾರಿ ನೌಕರ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ಬೆರೆಸಿದ ನಿರ್ಮಾ ಪುಡಿಯನ್ನು ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಮಾರಿದಾಗ, ಅದರ ಬೆಲೆ ಸರ್ಫ್‌ಗಿಂತ ಎಷ್ಟು ಕಡಿಮೆಯಿತ್ತೆಂದರೆ ಒಮ್ಮೆ ಕೊಂಡು ನೋಡಲು ಮನೆಯಾಕೆ ಯಾರನ್ನೂ ಕೇಳಬೇಕಿರಲಿಲ್ಲ. ದೇಶವೆಲ್ಲ ಗುನುಗಿದ ಆ ಟಿ.ವಿ. ಹಾಡು ಎಷ್ಟೋ ವರ್ಷಗಳ ನಂತರದ್ದು.

ಮೈಸೂರು ಸ್ಯಾಂಡಲ್ ಸೋಪಿನ ಸಂಗತಿ ಸ್ವಲ್ಪ ಬೇರೆ. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ ಹುಟ್ಟಿದ ಉದ್ಯಮ ಅದು. ಬೆನ್ನಿಗೆ ಸಂಸ್ಥಾನವೇ ಇತ್ತು, ದುಡ್ಡಿಗೆ ಬರವಿರಲಿಲ್ಲ. ಆದರೂ ಅದರ ಪ್ರಚಾರದ ಜಾಗಗಳನ್ನು ನೋಡಿ: ಟ್ರ್ಯಾಮ್ ಟಿಕೆಟ್ಟು, ಬೆಂಕಿಪೊಟ್ಟಣ. ಟಿಕೆಟ್ಟು ಇಳಿಯುವ ತನಕ ಕೈಯಲ್ಲಿರುತ್ತದೆ, ಬೆಂಕಿಪೊಟ್ಟಣ ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುತ್ತದೆ. ಕರಾಚಿಯಲ್ಲಂತೂ ಸೋಪಿಗಾಗಿ ಒಂಟೆಗಳ ಮೆರವಣಿಗೆಯನ್ನೇ ನಡೆಸಿದರು. ಮೈಸೂರಿನ ಸೋಪಿಗೆ ಸಿಂಧ್‌ನ ಒಂಟೆ! ಆಯಾ ಊರಿನ ಕಣ್ಣಿಗೆ ಯಾವುದು ಹಿಡಿಸುತ್ತದೆಂದು ಬಲ್ಲವರ ಕೆಲಸ ಅದು.

ಕಂಪ್ಯೂಟರ್ ಕಾಲದ ಒಂದು ಉದಾಹರಣೆಯೂ ಇದೆ. ಕಡತಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಅಮೆರಿಕದ ಡ್ರಾಪ್‌ಬಾಕ್ಸ್ ಕಂಪನಿ ಮೊದಮೊದಲು ಗೂಗಲ್‌ನಲ್ಲಿ ಜಾಹೀರಾತು ಕೊಟ್ಟಿತು. ಒಬ್ಬ ಗಿರಾಕಿಯನ್ನು ತರಲು 233ರಿಂದ 388 ಡಾಲರ್ ಖರ್ಚಾಗುತ್ತಿತ್ತು. ಮಾರುತ್ತಿದ್ದ ಸೇವೆಯ ಬೆಲೆ 99 ಡಾಲರ್. ಸಂಸ್ಥಾಪಕ ಡ್ರೂ ಹ್ಯೂಸ್ಟನ್ ಆ ದಾರಿ ಬಿಟ್ಟು, ಗೆಳೆಯರನ್ನು ಕರೆತಂದರೆ ಕರೆತಂದವರಿಗೂ ಬಂದವರಿಗೂ ಹೆಚ್ಚುವರಿ ಜಾಗ ಉಚಿತ ಎಂದರು. 2008ರ ಸೆಪ್ಟೆಂಬರ್‌ನಲ್ಲಿ ಒಂದು ಲಕ್ಷವಿದ್ದ ಬಳಕೆದಾರರು 2010ರ ಜನವರಿಗೆ 40 ಲಕ್ಷವಾದರು. ಬಹುಮಾನ ಇಬ್ಬರಿಗೂ ಸಿಕ್ಕಿದ್ದೇ ಇದರ ಗುಟ್ಟು. ಕರೆತಂದವರಿಗೆ ಮಾತ್ರ ಕೊಟ್ಟರೆ ಅದು ದಲ್ಲಾಳಿತನದಂತೆ ಕಾಣುತ್ತದೆ, ಕರೆಯುವವರಿಗೇ ಮುಜುಗರ.

ನಮ್ಮೂರಿನ ಹೊಲಿಗೆ ಅಂಗಡಿ, ಬೇಕರಿ, ಖಾನಾವಳಿಗಳ ಮಟ್ಟಿಗೆ ಹೇಳುವುದಾದರೆ ಇಂದು ಅತಿ ಅಗ್ಗದ ಬೋರ್ಡು ಗೂಗಲ್ ಮ್ಯಾಪ್. ಹೆಸರು ನೋಂದಾಯಿಸಲು ಕಾಸು ಬೇಡ. ಫೋನ್ ನಂಬರು, ತೆರೆದಿರುವ ವೇಳೆ, ನಾಲ್ಕು ನಿಜವಾದ ಫೋಟೊ ಹಾಕಿದ್ದರೆ ಊರಿಗೆ ಹೊಸದಾಗಿ ಬಂದವರು ‘ಹತ್ತಿರದ ಟೈಲರ್’ ಎಂದು ಹುಡುಕಿದಾಗ ಕಣ್ಣಿಗೆ ಬೀಳುವ ಅವಕಾಶವಿದೆ. ಬಂದವರಿಂದ ಅಭಿಪ್ರಾಯ ಬರೆಸಿಕೊಳ್ಳಿ, ಆದರೆ ಅದಕ್ಕೆ ರಿಯಾಯಿತಿಯ ಆಮಿಷ ಒಡ್ಡಬೇಡಿ. ಗೂಗಲ್‌ನ ನಿಯಮಕ್ಕೇ ಅದು ವಿರುದ್ಧ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಕೂಡ ಉಚಿತವೇ. ಆದರೆ ಅದರ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಹೋಗುವ ಸಂದೇಶ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಅಂದರೆ ಅದು ಹಳೆಯ ಗಿರಾಕಿಗಳನ್ನು ಮತ್ತೆ ಕರೆಯುವ ಸಾಧನ. ಹೊಸಬರನ್ನು ತರುತ್ತದೆಂದು ಅದನ್ನೇ ನೆಚ್ಚಿ ಕೂತರೆ ನಿರಾಸೆ ಖಂಡಿತ. ಎಷ್ಟೋ ಅಂಗಡಿಯವರು ದಿನವೂ ಶುಭೋದಯ ಕಳಿಸಿ ಇರುವವರನ್ನೂ ಓಡಿಸುತ್ತಾರೆ.

ಯಾವ ದಾರಿ ಅಗ್ಗ ಎಂದು ತಿಳಿಯಲು ಕೂಡಿಸಿ ಭಾಗಿಸುವಷ್ಟು ಗಣಿತ ಸಾಕು. 5,000 ರೂಪಾಯಿಯ ಕರಪತ್ರ ಹಂಚಿ 20 ಮಂದಿ ಹೊಸಬರು ಬಂದರೆ ತಲೆಗೆ 250 ರೂಪಾಯಿ ಬಿತ್ತು. ಅದೇ 5,000 ರೂಪಾಯಿಯ ಮೈಸೂರು ಪಾಕನ್ನು ತುಂಡು ಮಾಡಿ ರುಚಿಗೆ ಕೊಟ್ಟು 100 ಮಂದಿ ಬಂದರೆ 50 ರೂಪಾಯಿ. ಆದರೆ ಯಾರು ಯಾವ ದಾರಿಯಿಂದ ಬಂದರೆಂದು ಗೊತ್ತಿಲ್ಲದಿದ್ದರೆ ಭಾಗಿಸುವುದಾದರೂ ಏನನ್ನು? ನಾಳೆ ಬೆಳಿಗ್ಗೆ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ಹೊಸ ಮುಖ ಕಂಡಾಗಲೆಲ್ಲ ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು?’ ಎಂದು ಕೇಳಿ, ಉತ್ತರವನ್ನು ಅಲ್ಲೇ ಬರೆದುಕೊಳ್ಳಿ. ಒಂದು ತಿಂಗಳ ಉತ್ತರಗಳು ಕೈಗೆ ಬರುವ ತನಕ ಜಾಹೀರಾತಿಗೆಂದು ಹೊಸ ಖರ್ಚು ಮಾಡಬೇಡಿ.