ಕೆರಳುವ ನಾಯಿ: ಅರಿವು ಮತ್ತು ಆರೈಕೆ

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನೂ, ನಾಯಿಯ ಬಾಲ ಎಂದಿದ್ದರೂ ಡೊಂಕೇ ಎಂಬ ಗಾದೆಯನ್ನೂ ಕೇಳದ ಕನ್ನಡಿಗರಿಲ್ಲ. ಗಾದೆಯು ವೇದಕ್ಕೆ ಸಮಾನವೆಂದು ಹಿರಿಯರು ಹೇಳಿದ್ದರೂ, ನಾಯಿಯನ್ನು ಸಾಕುವವರ ಮಟ್ಟಿಗೆ ಇವೆರಡೂ ಪೂರ್ಣಸತ್ಯಗಳಲ್ಲ. ಬೊಗಳುವ ನಾಯಿ ಕಚ್ಚಲೂಬಹುದು. ತಾಳ್ಮೆಯಿಂದ ಕಲಿಸಿದರೆ ಅದರ ನಡತೆ ಬಹುಮಟ್ಟಿಗೆ ಸುಧಾರಿಸಲೂಬಹುದು. ಈ ಎರಡು ಮಾತುಗಳನ್ನು ಒಟ್ಟಿಗೆ ಅರಿತುಕೊಳ್ಳದೆ ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದ ತಂದ ಪ್ರಾಣಿಯೇ ಮನಸ್ತಾಪಕ್ಕೆ ಕಾರಣವಾಗುತ್ತದೆ.

ಮಹಾನಗರದ ಬಹುಮಹಡಿ ಕಟ್ಟಡಗಳಲ್ಲಿ ಇಂತಹ ನಾಯಿ ಅಪರೂಪವೇನಲ್ಲ. ಮನೆಯೊಳಗೆ ಅದು ಸಾಧುಪ್ರಾಣಿ. ಅಜ್ಜಿ ಸೊಪ್ಪು ಬಿಡಿಸುತ್ತ ಕುಳಿತರೆ ಆಕೆಯ ಕಾಲ ಬಳಿ ಮುದುರಿ ಮಲಗುತ್ತದೆ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಕಾದಿರುತ್ತದೆ. ಆದರೆ ಲಿಫ್ಟಿನ ಬಾಗಿಲು ತೆರೆದು ಎದುರಿಗೆ ಇನ್ನೊಂದು ನಾಯಿಯೋ, ಹೆಲ್ಮೆಟ್ ಧರಿಸಿದ ಅಪರಿಚಿತನೋ ಕಂಡೊಡನೆ ಅದೇ ಪ್ರಾಣಿ ಬೆನ್ನಿನ ರೋಮ ನಿಮಿರಿಸಿ, ಹಗ್ಗ ಜಗ್ಗಿ, ಹಲ್ಲು ತೋರಿಸಿ ಅಬ್ಬರಿಸುತ್ತದೆ. ನೆರೆಯವರು ಹೆದರುತ್ತಾರೆ, ಸೊಸೈಟಿಯಿಂದ ಪತ್ರ ಬರುತ್ತದೆ, ಮನೆಯವರು ನಾಚಿ ತಲೆ ತಗ್ಗಿಸುತ್ತಾರೆ. ಕೊನೆಗೊಂದು ದಿನ ‘ಇದನ್ನು ಎಲ್ಲಿಯಾದರೂ ಬಿಟ್ಟು ಬರೋಣವೇ’ ಎಂಬ ಮಾತು ಊಟದ ಹೊತ್ತಿನಲ್ಲಿ ಹೊರಡುತ್ತದೆ. ಮಕ್ಕಳು ತಟ್ಟೆಯಿಂದ ತಲೆ ಎತ್ತುವುದಿಲ್ಲ. ಪಶುವೈದ್ಯರು ಇಂತಹ ನಾಯಿಯನ್ನು ‘ರಿಯಾಕ್ಟಿವ್’ ಎನ್ನುತ್ತಾರೆ. ಕೆರಳುವ ನಾಯಿ ಎಂದರೆ ಕನ್ನಡದಲ್ಲಿ ಅರ್ಥ ಸ್ಪಷ್ಟವಾದೀತು.

ಅಂಗಳವಿಲ್ಲದ ಬದುಕು

ಈ ನಾಯಿಗಳಲ್ಲಿ ಬಹುಪಾಲು ದುಷ್ಟವಲ್ಲ, ಅಂಜಿದವು. ಹೆದರಿದ ಪ್ರಾಣಿಗೆ ಇರುವ ಮುಖ್ಯ ದಾರಿಗಳು ಮೂರು: ಓಡಿಹೋಗುವುದು, ಸ್ತಬ್ಧವಾಗಿ ನಿಲ್ಲುವುದು, ಇಲ್ಲವೇ ಎದುರು ಬೀಳುವುದು. ಊರಿನ ಮನೆಯ ನಾಯಿ ಅಪರಿಚಿತನನ್ನು ಬೇಲಿಯಾಚೆಯೇ ಕಾಣುತ್ತಿತ್ತು. ಬೇಡವೆನಿಸಿದರೆ ಹಿತ್ತಿಲಿಗೆ ಸರಿಯುತ್ತಿತ್ತು. ಫ್ಲ್ಯಾಟಿನ ಇಕ್ಕಟ್ಟಾದ ಓಣಿಯಲ್ಲಿ, ಕುತ್ತಿಗೆಗೆ ಹಗ್ಗ ಬಿಗಿದಿರುವಾಗ, ಓಡುವ ದಾರಿ ಮುಚ್ಚಿಹೋಗಿರುತ್ತದೆ. ಉಳಿಯುವುದು ಅಬ್ಬರ ಮಾತ್ರ.

ಆ ಅಬ್ಬರ ಫಲ ಕೊಡುತ್ತದೆ ಎಂಬುದೂ ನಾಯಿಗೆ ಬೇಗ ತಿಳಿಯುತ್ತದೆ. ಪಾರ್ಸೆಲ್ ತರುವ ಹುಡುಗ ಬಾಗಿಲಿಗೆ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಹೊರಟುಹೋಗುತ್ತಾನೆ. ಆತ ಹೋದದ್ದು ತನ್ನ ಕೆಲಸ ಮುಗಿಸಿ; ನಾಯಿಯ ಲೆಕ್ಕದಲ್ಲಿ ಮಾತ್ರ ಅದು ತನ್ನ ಗೆಲುವು. ದಿನಕ್ಕೆ ನಾಲ್ಕು ಬಾರಿ ಇಂತಹ ಗೆಲುವು ಜಮೆಯಾದರೆ ಅಭ್ಯಾಸ ಬಲಿಯದೆ ಇರುವುದೆಂತು?

ಕಾರಣಗಳ ಬೇರು ಇನ್ನೂ ಆಳದಲ್ಲಿರುವುದುಂಟು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಗಳ ನಡವಳಿಕೆಯ ಬಗೆಗಿನ ತಮ್ಮ ದೀರ್ಘ ಸಂಶೋಧನೆಯನ್ನು 1965ರಲ್ಲಿ ಪ್ರಕಟಿಸಿದರು. ಮರಿಯ ಬದುಕಿನಲ್ಲಿ ಸುಮಾರು 3ನೆಯ ವಾರದಿಂದ 12–14ನೆಯ ವಾರದವರೆಗಿನ ಕಾಲ ಅತ್ಯಂತ ಮಹತ್ವದ್ದೆಂದು ಅಂತಹ ಅಧ್ಯಯನಗಳಿಂದ ತಿಳಿದುಬಂದಿದೆ. ಆ ವಾರಗಳಲ್ಲಿ ಕಂಡ ಮನುಷ್ಯರು, ಕೇಳಿದ ಸದ್ದುಗಳು ಅದಕ್ಕೆ ಸಹಜವೆನಿಸುತ್ತವೆ; ಕಾಣದೆ ಉಳಿದವು ಮುಂದೆ ಭಯ ಹುಟ್ಟಿಸಬಹುದು. ಲಸಿಕೆ ಪೂರ್ಣವಾಗುವವರೆಗೆ ಮರಿಯನ್ನು ಬೀದಿಯ ನೆಲಕ್ಕೆ ಬಿಡಬಾರದೆಂಬುದು ನಿಜ. ಆದರೆ ತೋಳಿನಲ್ಲಿ ಎತ್ತಿಕೊಂಡು ಬಸ್ಸು, ಮಳೆಗೊಡೆ, ಮಕ್ಕಳು, ವಾಚ್‌ಮನ್ ಎಲ್ಲವನ್ನೂ ದೂರದಿಂದ ತೋರಿಸಲು ಅಡ್ಡಿಯಿಲ್ಲ.

ತಳಿಯ ಗುಣವನ್ನೂ ಮರೆಯಲಾಗದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ 10ನೆಯ ಶತಮಾನದ ಶಾಸನವು, ಗಂಗರ ಬೂತುಗನಿಂದ ಮಣಲೇರನು ಪಡೆದುಕೊಂಡ ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನು ನೆನೆಯುತ್ತದೆ. ಆ ಕಾಳಗದ ಚಿತ್ರವೂ ಕಲ್ಲಿನ ಮೇಲಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಕಾಣಿಸಿಕೊಂಡ ನಮ್ಮ ಮುಧೋಳ ನಾಯಿಯೂ ಓಡುವುದನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುವ ತಳಿ. ತಲೆತಲಾಂತರದಿಂದ ಮನುಷ್ಯನೇ ಬೆಳೆಸಿ ಮೆಚ್ಚಿದ ಈ ಗುಣ ಸೊಸೈಟಿಯ ಓಣಿಯಲ್ಲಿ ಅಪರಾಧವಾಗುತ್ತದೆ. ಅಪರಾಧ ನಾಯಿಯದಲ್ಲ, ತಳಿಯನ್ನು ಆರಿಸುವ ಮೊದಲೇ ಈ ಯೋಚನೆ ಅಗತ್ಯ.

ಮಾತಿಲ್ಲದ ಭಾಷೆ

ನಾಯಿ ಯಾವ ಸೂಚನೆಯನ್ನೂ ಕೊಡದೆ ಕಚ್ಚಿತು ಎಂಬ ಮಾತು ನಿಜವಾಗುವುದು ವಿರಳ. ಅದು ಮೊದಲು ಮುಖ ತಿರುಗಿಸುತ್ತದೆ, ನಿದ್ದೆಯಿಲ್ಲದೆಯೂ ಆಕಳಿಸುತ್ತದೆ, ಮೂಗು ತುಟಿಗಳನ್ನು ಮತ್ತೆ ಮತ್ತೆ ನೆಕ್ಕಿಕೊಳ್ಳುತ್ತದೆ. ಕಣ್ಣಂಚಿನ ಬಿಳಿ ಕಾಣಿಸುತ್ತದೆ. ಬಾಯಿ ಮುಚ್ಚಿ, ಮೈ ಮರದ ತುಂಡಿನಂತೆ ಬಿಗಿಯಾಗುತ್ತದೆ. ಬಾಲ ಅಲ್ಲಾಡಿದರೆ ಸ್ನೇಹವೆಂದೇ ತಿಳಿಯಬಾರದು. ಬಿಗಿದು ಮೇಲೆತ್ತಿದ ಬಾಲದ ಅಲುಗಾಟ ಉದ್ವೇಗದ ಗುರುತು. ಇವೆಲ್ಲ ಫಲಿಸದಿದ್ದಾಗಲೇ ಗುರುಗುಟ್ಟುವಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಡಬಹುದು, ಭಯ ಹೋಗುವುದಿಲ್ಲ. ಮುಂದಿನ ಸಲ ಅದು ಎಚ್ಚರಿಕೆ ಕೊಡದೆಯೇ ಬಾಯಿ ಹಾಕೀತು.

ಇದ್ದಕ್ಕಿದ್ದಂತೆ ಸ್ವಭಾವ ಬದಲಾದ ನಾಯಿಯನ್ನು ತರಬೇತುದಾರನಿಗಿಂತ ಮೊದಲು ಪಶುವೈದ್ಯರಿಗೆ ತೋರಿಸಬೇಕು. ಕಿವಿಯ ಸೋಂಕು, ಹಲ್ಲಿನ ನೋವು, ಸೊಂಟದ ಕೀಲಿನ ಬಾಧೆ, ವಯಸ್ಸಾದಾಗ ಕುಂದುವ ದೃಷ್ಟಿ — ಇವು ಯಾವುವೂ ಹೊರಗೆ ಕಾಣದೆ ನಾಯಿಯನ್ನು ಸಿಡುಕನ್ನಾಗಿ ಮಾಡಬಲ್ಲವು.

ದೂರವೇ ಮೊದಲ ಮದ್ದು

ಪ್ರತಿಯೊಂದು ನಾಯಿಗೂ ಸಹನೆಯ ಒಂದು ಗಡಿಯುಂಟು. ಎದುರಿನ ನಾಯಿ 30 ಮೀಟರ್ ದೂರದಲ್ಲಿದ್ದಾಗ ನೋಡಿ ಸುಮ್ಮನಿರುವ ಪ್ರಾಣಿ, 10 ಮೀಟರಿಗೆ ಬಂದಾಗ ಕೆರಳಬಹುದು. ಕೆರಳಿದ ಮೇಲೆ ಅದಕ್ಕೆ ಏನನ್ನೂ ಕಲಿಸಲಾಗದು. ಆದುದರಿಂದ ಪಾಠವೆಲ್ಲ ಗಡಿಯ ಆಚೆಗೇ ನಡೆಯಬೇಕು.

ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಷ್ಯದ ಇವಾನ್ ಪಾವ್ಲೋವ್, ಆಹಾರಕ್ಕೆ ಮುನ್ನ ಒಂದು ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಬರಿಯ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ತೋರಿಸಿದರು. ಇಲ್ಲಿಯ ಉಪಾಯವೂ ಅದೇ. ದೂರದಲ್ಲಿ ಇನ್ನೊಂದು ನಾಯಿ ಕಂಡ ಕೂಡಲೇ, ಬೇರೆ ವೇಳೆಯಲ್ಲಿ ಸಿಗದ ರುಚಿಯಾದ ತುಣುಕು — ಬೇಯಿಸಿದ ಕೋಳಿಯೋ, ಪನೀರೋ — ಕೊಡಬೇಕು. ಅದು ಮರೆಯಾದೊಡನೆ ನಿಲ್ಲಿಸಬೇಕು. ಮೊದಲು ನೋಟ, ಆಮೇಲೆ ತುಣುಕು. ಈ ಕ್ರಮ ತಪ್ಪಬಾರದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷಕರವಾದುದರಿಂದ ಅವನ್ನು ಕೊಡಲೇಬಾರದು. ವಾರಗಳು ಕಳೆದಂತೆ, ನಾಯಿ ನೆಮ್ಮದಿಯಿಂದಿದ್ದರೆ ಮಾತ್ರ, ಒಂದೆರಡು ಹೆಜ್ಜೆ ಹತ್ತಿರವಾಗಬಹುದು. ಸಣ್ಣ ಉಳಿತಾಯದಂತೆ ಇದರ ಫಲ ಆರಂಭದಲ್ಲಿ ಕಣ್ಣಿಗೆ ಕಾಣದು. ನಡುವೆ ಮುರಿಯದಿದ್ದರೆ ಕಾಲಕ್ರಮದಲ್ಲಿ ಬೆಳೆಯುತ್ತದೆ.

ಪಾಠ ನಡೆಯುತ್ತಿರುವ ತಿಂಗಳುಗಳಲ್ಲಿ ಘರ್ಷಣೆಯನ್ನು ತಪ್ಪಿಸುವುದೂ ಅಷ್ಟೇ ಮುಖ್ಯ. ಜನ ಕಡಿಮೆಯಿರುವ ಹೊತ್ತಿನಲ್ಲಿ ತಿರುಗಾಟ, ತುಂಬಿದ ಲಿಫ್ಟಿನ ಬದಲು ಮುಂದಿನದಕ್ಕೆ ಕಾಯುವುದು, ಬೀದಿ ಕಾಣುವ ಕಿಟಕಿಗೆ ಪರದೆ — ಇವು ಸಣ್ಣ ಏರ್ಪಾಡುಗಳಾದರೂ ಉಪಯುಕ್ತ. ಒಂದು ಉದ್ವೇಗ ಇಳಿಯುವ ಮೊದಲೇ ಇನ್ನೊಂದು ಸೇರಿದರೆ ಗಡಿ ಕುಗ್ಗುತ್ತದೆ. ಮನುಷ್ಯನಿಗೆ ಕೇಳಿಸದ ಎತ್ತರದ ಸದ್ದನ್ನೂ ಕೇಳಬಲ್ಲ ಪ್ರಾಣಿಯನ್ನು ದೀಪಾವಳಿಯ ಪಟಾಕಿಗಳ ನಡುವೆ ಹೊರಗೆ ಕರೆದೊಯ್ದು ಪರೀಕ್ಷಿಸುವುದು ತರವಲ್ಲ. ಚುಚ್ಚುವ ಪಟ್ಟಿ, ವಿದ್ಯುತ್ ಆಘಾತದ ಪಟ್ಟಿಗಳು ಬೇಡವೇ ಬೇಡ. ಎದುರಿನ ನಾಯಿ ಕಂಡಾಗಲೆಲ್ಲ ನೋವಾದರೆ ಆ ನಾಯಿಯೇ ನೋವಿಗೆ ಮೂಲವೆಂದು ಅದು ನಂಬುತ್ತದೆ. ಭಯ ತೀವ್ರವಾಗಿದ್ದರೆ ಫ್ಲೂಆಕ್ಸೆಟಿನ್‌ನಂತಹ ಔಷಧವನ್ನು ಪಶುವೈದ್ಯರು ಸೂಚಿಸುವುದುಂಟು. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ತಾವಾಗಿಯೇ ಕೊಡುವುದು ಅಪಾಯಕರ.

ನೆರೆಹೊರೆಯ ಹಕ್ಕು

ನಾಯಿಯ ಭಯ ನಿಜವಾದಂತೆ ನೆರೆಮನೆಯ ಮಗುವಿನ ಭಯವೂ ನಿಜ. ಸಾಕುಪ್ರಾಣಿಗಳನ್ನು ಬಹುಮತದ ನಿರ್ಣಯದಿಂದಲೂ ಸೊಸೈಟಿಗಳು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ತಿಳಿಸಿದೆ. ಅದೇ ವೇಳೆ, ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ಎಚ್ಚರ ವಹಿಸದಿರುವುದು 2023ರ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಅಪರಾಧ. ಬಾಯಿ ತೆರೆದು ಏದುಸಿರು ಬಿಡಲು ಆಸ್ಪದವಿರುವ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು ಮೊದಲೇ ಅಭ್ಯಾಸ ಮಾಡಿಸಿದರೆ ಲಿಫ್ಟಿನಲ್ಲಿ ಎಲ್ಲರಿಗೂ ನೆಮ್ಮದಿ. ಪುಟ್ಟ ಮಕ್ಕಳನ್ನು ಯಾವ ನಾಯಿಯೊಡನೆಯೂ ಒಂಟಿಯಾಗಿ ಬಿಡಬಾರದು. ಉಣ್ಣುತ್ತಿರುವ, ಮಲಗಿರುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಲಿಸಬೇಕು.

ಕಚ್ಚಿದರೆ, ಅದು ಲಸಿಕೆ ಹಾಕಿಸಿದ ಮನೆಯ ನಾಯಿಯೇ ಆಗಿದ್ದರೂ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ರೇಬಿಸ್ ಲಕ್ಷಣಗಳು ತೋರಿದ ಮೇಲೆ ಬದುಕುವುದು ಅತ್ಯಂತ ವಿರಳ. ಸಕಾಲದ ಚಿಕಿತ್ಸೆಯೇ ರಕ್ಷಣೆ. ನಾಯಿಗೆ ವೈದ್ಯರು ಹೇಳಿದ ಅವಧಿಗೆ ಲಸಿಕೆ ಹಾಕಿಸುವುದು ಸಾಕುವವರ ಮೊದಲ ಕರ್ತವ್ಯ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ನಾಯಿಗಳು ಕೆಲವು ಮನೆಗಳಿಗೆ ಒಗ್ಗದಿರಬಹುದು. ಮಗುವಿಗೆ ನಿಜವಾದ ಅಪಾಯವಿದ್ದಲ್ಲಿ, ಸ್ವಭಾವವನ್ನು ಮುಚ್ಚಿಡದೆ ತಿಳಿಸಿ, ಅನುಭವಸ್ಥರ ಕೈಗೆ ಒಪ್ಪಿಸುವುದು ಸೋಲಲ್ಲ. ಆದರೆ ರಾತ್ರಿ ಕಾರಿನಲ್ಲಿ ಕೊಂಡೊಯ್ದು ಹೆದ್ದಾರಿಯ ಪಕ್ಕದಲ್ಲಿ ಇಳಿಸಿ ಬರುವುದು ಬೇರೆಯೇ ಸಂಗತಿ. ಹಸಿವು ಬಾಯಾರಿಕೆಗಳಿಗೆ ಪ್ರಾಣಿಯನ್ನು ತೊರೆಯುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೂ ಅಪರಾಧವೆಂದೇ ಎಣಿಸುತ್ತದೆ.

ಕೆರಳುವ ನಾಯಿ ಎಲ್ಲರ ಗೆಳೆಯನಾಗಬೇಕೆಂಬ ಆಸೆ ಬೇಡ. ಓಣಿಯ ಆ ತುದಿಯಲ್ಲಿ ಇನ್ನೊಂದು ನಾಯಿಯನ್ನು ಕಂಡು, ಒಂದು ಕ್ಷಣ ನಿಂತು, ತುಣುಕಿಗಾಗಿ ಯಜಮಾನನ ಮುಖ ನೋಡಿ ಮುಂದೆ ಸಾಗಿದರೆ ಅದೇ ದೊಡ್ಡ ಸಾಧನೆ. ಊರು ಬಿಟ್ಟು ಬಂದು ಗದ್ದಲದ ನಗರಕ್ಕೆ ನಿಧಾನವಾಗಿ ಹೊಂದಿಕೊಂಡವರಿಗೆ, ಹೊಂದಿಕೊಳ್ಳಲು ಅದಕ್ಕೂ ಕಾಲ ಬೇಕೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ.